ಕೆಂಪು ಮುಚ್ಚಳ, ಹಸಿರು ಮುಚ್ಚಳ

"ಅವನು ಸಹಿ ಕೇಳ್ತಾನೆ ಮೇಡಂ, ದಯವಿಟ್ಟು ಹಾಕ್ಬೇಡಿ," ಎಂದಳು ಹುಡುಗಿ, ಬಾಗಿಲ ಸಂದಿನಿಂದ ತಲೆಯೊಂದನ್ನೇ ಒಳಗೆ ತೂರಿಸಿ. "ಪೆನ್ನಲ್ಲಿ ಇಂಕಿಲ್ಲ ಅನ್ನಿ. ಕೈ ಉಳುಕಿದೆ ಅನ್ನಿ. ಏನಾದ್ರೂ ಒಂದು ಅನ್ನಿ."

"ಯಾರು ಅವನು? ಯಾಕೆ ಹಾಕ್ಬಾರ್ದು?"

"ಹಿಂದೇನೇ ಬರ್ತಿದಾನೆ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ತಲೆ ಮಾಯವಾಯಿತು. ಎರಡನೇ ವರ್ಷದ ಈ ಹುಡುಗಿಗೆ ಕಾಲೇಜಿನಲ್ಲಿ ರೇಡಿಯೊ ಅಂತ ಹೆಸರು. ಆನ್ ಮಾಡುವ ಗುಂಡಿಯೂ ಬೇಡ, ಆಫ್ ಮಾಡುವ ಗುಂಡಿಯಂತೂ ಇಲ್ಲವೇ ಇಲ್ಲ.

ಒಳಗೆ ಕೂತಿದ್ದವರು ಸಲಹೆ ಮೇಡಂ. ಆ ಕಾಲೇಜಿನಲ್ಲಿ ಒಂದೊಂದು ವಿಷಯಕ್ಕೂ ಒಬ್ಬೊಬ್ಬ ಸಲಹೆಗಾರರು ಇರುತ್ತಾರೆ. ಯಾವ ಪೇಪರು ಈ ವರ್ಷ ತಗೋಬೇಕು, ಯಾವುದನ್ನು ಮುಂದಕ್ಕೆ ಹಾಕಬಹುದು, ಗಣಿತ ಕೈಕೊಟ್ಟರೆ ಏನು ಮಾಡೋದು, ಮುಂದೆ ಔಷಧಿ ಕಾರ್ಖಾನೆಯೋ ಮೇಷ್ಟ್ರ ಕೆಲಸವೋ, ಎಲ್ಲಕ್ಕೂ ಮಕ್ಕಳು ಅವರ ಹತ್ತಿರ ಹೋಗಬೇಕು. ರಸಾಯನಶಾಸ್ತ್ರದ ಮಕ್ಕಳಿಗೆ ಈ ಮೇಡಂ. ಅವರ ಕೋಣೆಗೆ ಕೋಣೆ ಅನ್ನುವುದು ದೊಡ್ಡ ಮಾತಾಯಿತು. ಲ್ಯಾಬಿನ ಪಕ್ಕ ಹಿಂದೆ ತಕ್ಕಡಿಗಳನ್ನು ಇಡುತ್ತಿದ್ದ ಜಾಗ ಅದು. ಕಪ್ಪು ಕಲ್ಲಿನ ಉದ್ದ ಮೇಜು ಹಾಗೇ ಉಳಿದಿತ್ತು, ಮೂಲೆಯ ಸಿಂಕೂ ಉಳಿದಿತ್ತು, ಸಿಂಕಿನ ನಲ್ಲಿಯೂ ತೊಟ್ಟಿಕ್ಕುವ ಹಳೇ ಚಾಳಿ ಬಿಟ್ಟಿರಲಿಲ್ಲ.

ಮೇಡಂ ಹತ್ತಿರ ಒಂದು ಪದ್ಧತಿ ಇತ್ತು. ಸಲಹೆ ಕೇಳಲು ಬಂದವರನ್ನು ಅವರು ಸುಮ್ಮನೆ ಕೂರಿಸುತ್ತಿರಲಿಲ್ಲ, ಕೈಗೆ ಕೆಲಸ ಕೊಡುತ್ತಿದ್ದರು. ಕೈ ಖಾಲಿ ಇದ್ದರೆ ಮಕ್ಕಳು ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೇ ಒಪ್ಪಿಸುತ್ತಾರೆ, ಕೈ ಕೆಲಸದಲ್ಲಿದ್ದರೆ ಬಾಯಿ ತಾನಾಗಿ ನಿಜ ಹೇಳುತ್ತದೆ ಎಂಬುದು ಅವರ ನಂಬಿಕೆ. ಕೆಲಸವೂ ಪಕ್ಕದಲ್ಲೇ ಇತ್ತು. ಲ್ಯಾಬಿನ ಪ್ಲಾಸ್ಟಿಕ್ ಬಾಟಲಿಗಳನ್ನು ತೊಳೆದಾಗ ಮುಚ್ಚಳಗಳೆಲ್ಲ ಕಲಸಿ ಒಂದು ಬಕೆಟ್ಟಿಗೆ ಬೀಳುತ್ತಿದ್ದವು. ಆಸಿಡ್ ಬಾಟಲಿಗಳದ್ದು ಕೆಂಪು, ಕ್ಷಾರದ ಬಾಟಲಿಗಳದ್ದು ಹಸಿರು. ಆ ಬಕೆಟ್ಟು ಸೀದಾ ಇವರ ಮೇಜಿಗೆ ಬರುತ್ತಿತ್ತು.

ಹುಡುಗ ಬಂದ. ಎತ್ತರದವನು, ತೆಳ್ಳಗಿನವನು. ಕೈಯಲ್ಲಿ ಒಂದು ಹಾಳೆ. ಮಾತು ಕಮ್ಮಿ ಅಂತ ಇವನಿಗೆ ಮೌನಿ ಅಂತ ಹೆಸರಿಟ್ಟವಳು ರೇಡಿಯೊನೇ.

"ಮೇಡಂ, ಒಂದು ಸಹಿ ಬೇಕಿತ್ತು. ಆಫೀಸು ಮುಚ್ಚೋದ್ರೊಳಗೆ ಕೊಡ್ಬೇಕು. ವಿಷಯ ಬದಲಾಯಿಸೋಕೆ ಇವತ್ತೇ ಕೊನೇ ದಿನ."

"ರಸಾಯನಶಾಸ್ತ್ರ ಬಿಟ್ಟು ಯಾವುದಕ್ಕೆ?"

"ಇತಿಹಾಸಕ್ಕೆ."

"ಒಳ್ಳೇ ವಿಷಯ. ಯಾವ ಕಾಲದ ಇತಿಹಾಸ ಇಷ್ಟ ನಿಂಗೆ?"

ಹುಡುಗ ಹಾಳೆಯನ್ನು ಈ ಕೈಯಿಂದ ಆ ಕೈಗೆ ದಾಟಿಸಿದ. "ಅಲ್ಲಿ ಪ್ರಾಕ್ಟಿಕಲ್ ಇರಲ್ಲ ಮೇಡಂ," ಎಂದ.

ಮೇಡಂಗೆ ನಗು ಬಂತು, ತಡೆದುಕೊಂಡರು. "ಒಂದು ಸಲ ಬಿಟ್ರೆ ಮತ್ತೆ ಒಳಗೆ ಸೇರಿಸ್ಕೊಳ್ಳಲ್ಲ, ಗೊತ್ತಲ್ಲ? ಸರಿ, ಕೂತ್ಕೋ. ಈ ಮುಚ್ಚಳ ಎರಡು ಬಣ್ಣ ಬೇರೆ ಮಾಡ್ತಿರು, ನಾನು ನಿನ್ನ ಅಂಕ ನೋಡ್ತೀನಿ."

ಹುಡುಗ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡ. ಮೇಡಂ ಕಂಪ್ಯೂಟರಿನಲ್ಲಿ ಅವನ ಅಂಕಗಳನ್ನು ತೆಗೆದರು. ಥಿಯರಿಯಲ್ಲಿ ಇಡೀ ತರಗತಿಗೆ ಮೊದಲು. ಹೋದ ವರ್ಷ ಪ್ರಾಕ್ಟಿಕಲ್ಲಿನಲ್ಲೂ ಚೆನ್ನಾಗಿಯೇ ಇತ್ತು. ಈ ವರ್ಷ ಪ್ರಾಕ್ಟಿಕಲ್ ಮಾತ್ರ ಪಾತಾಳ ಸೇರಿತ್ತು.

"ಇಷ್ಟು ಓದೋನಿಗೆ ಇದೇನಪ್ಪಾ ಬಂತು?"

"ಇಷ್ಟ ಇಲ್ಲ ಮೇಡಂ."

"ಯಾವಾಗಿಂದ ಇಷ್ಟ ಇಲ್ಲ?"

ಹುಡುಗ ಒಂದು ಮುಚ್ಚಳ ಎತ್ತಿ ಬೆಳಕಿಗೆ ಹಿಡಿದು ಬಲಗಡೆ ಇಟ್ಟ. ಇನ್ನೊಂದು ಎತ್ತಿ ಎಡಗಡೆ ಇಟ್ಟ. "ಈ ವರ್ಷ ಬ್ಯಾಚು ಬದಲಾದಾಗಿಂದ," ಎಂದ. ಬಾಯಿಪಾಠ ಅಲ್ಲಿಗೆ ಮುಗಿದಿತ್ತು. "ಹೋದ ವರ್ಷ ನಾನೂ ರೇಡಿಯೊನೂ ಒಂದೇ ಮೇಜು. ನಾನು ಬ್ಯುರೆಟ್ ಹಿಡೀತಿದ್ದೆ, ಅವಳು ಫ್ಲಾಸ್ಕ್ ಅಲ್ಲಾಡಿಸ್ತಾ ಸಾಕು ಅಂತಿದ್ಲು. ನಾನು ನಿಲ್ಲಿಸ್ತಿದ್ದೆ. ಈ ವರ್ಷ ಒಬ್ಬೊಬ್ರೇ ಮಾಡ್ಬೇಕು. ನಂಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ. ಪ್ರತಿ ಸಲ ದಾಟಿಬಿಡುತ್ತೆ."

ಒಂದು ದ್ರವಕ್ಕೆ ಇನ್ನೊಂದು ದ್ರವವನ್ನು ಹನಿಹನಿಯಾಗಿ ಬಿಡುವುದು, ಬಣ್ಣ ಹಳದಿಯಿಂದ ಕಿತ್ತಳೆಗೆ ತಿರುಗಿದ ಹನಿಗೇ ನಿಲ್ಲಿಸುವುದು, ಎಷ್ಟು ಹೋಯಿತು ಅಂತ ಬ್ಯುರೆಟ್ ಎಂಬ ಗಾಜಿನ ಕೊಳವೆಯ ಮೇಲಿನ ಗೆರೆ ಓದುವುದು. ಟೈಟ್ರೇಶನ್ ಅನ್ನುವ ಇದು ರಸಾಯನಶಾಸ್ತ್ರದ ಮಕ್ಕಳಿಗೆ ಉಣ್ಣುವ ಕೈಯಷ್ಟೇ ರೂಢಿಯಾಗಬೇಕಾದ ಕೆಲಸ.

"ಅವಸರ ಮಾಡ್ತೀಯೇನೋ."

"ಇಲ್ಲ ಮೇಡಂ. ಎಲ್ಲರೂ ಹೊರಟುಹೋದ್ಮೇಲೂ ಕೂತು ಅಭ್ಯಾಸ ಮಾಡಿದೀನಿ. ಬೇರೆಯೋರಿಗೆಲ್ಲ ಅಭ್ಯಾಸದಿಂದ ಆ ಹದ ಸಿಕ್ಕಿದೆ, ನಂಗೆ ಮಾತ್ರ ಸಿಗ್ತಾ ಇಲ್ಲ. ಲ್ಯಾಬಿನ ಬ್ಯುರೆಟ್ ಮೇಷ್ಟ್ರು ಎಲ್ಲರೆದುರಿಗೇ ಅಂದ್ರು, ನಿಂಗೆ ತಲೆ ಇದೆ, ಕೈ ಇಲ್ಲ ಅಂತ. ಕೈ ಇಲ್ದಿದ್ರೆ ಏನ್ ಮಾಡೋದು? ಹೋಗೋದೇ ವಾಸಿ."

ಮೇಡಂ ಸಮಾಧಾನ ಹೇಳಬೇಕೆಂದು ಈ ಕಡೆ ತಿರುಗಿದರು. ಮೇಜಿನ ಮೇಲೆ ಮುಚ್ಚಳಗಳ ಎರಡು ಗುಡ್ಡೆ ಅಚ್ಚುಕಟ್ಟಾಗಿ ಎದ್ದಿದ್ದವು. ಎಡಗಡೆಯ ಗುಡ್ಡೆಯಲ್ಲಿ ಕೆಂಪೂ ಇತ್ತು, ಹಸಿರೂ ಇತ್ತು. ಬಲಗಡೆಯದರಲ್ಲೂ ಹಾಗೇ.

ಅವರ ಹುಬ್ಬು ಗಂಟಿಕ್ಕಿತು. "ಏನಪ್ಪಾ, ನನ್ನ ಹತ್ರ ಹುಡುಗಾಟಾನಾ? ಎರಡು ಬಣ್ಣ ಬೇರೆ ಮಾಡು ಅಂದ್ರೆ ಇದೇನು?"

"ಮಾಡಿದೀನಲ್ಲ ಮೇಡಂ." ಹುಡುಗನ ಮುಖ ಬಿಳಿಚಿತು. "ಇವು ಗಾಢವಾಗಿವೆ. ಇವು ಸ್ವಲ್ಪ ಮಾಸಿವೆ. ಕೆಲವು ಮಾತ್ರ ಎರಡರ ನಡುವೆ ಇದ್ವು, ಅದಕ್ಕೇ ಬೆಳಕಿಗೆ ಹಿಡಿದು ನೋಡ್ದೆ."

ಮೇಡಂ ಬಣ್ಣ ಮಾಸದ ಒಂದು ಕೆಂಪು ಮುಚ್ಚಳವನ್ನೂ ಒಂದು ಹಸಿರು ಮುಚ್ಚಳವನ್ನೂ ಆರಿಸಿ ಅವನ ಮುಂದೆ ಪಕ್ಕಪಕ್ಕ ಇಟ್ಟರು.

"ಇವೆರಡರಲ್ಲಿ ಏನು ವ್ಯತ್ಯಾಸ?"

ಹುಡುಗ ಬಗ್ಗಿ ನೋಡಿದ. ಇದ್ಯಾವುದೋ ಪರೀಕ್ಷೆ ಅಂತ ಅವನಿಗೆ ಹೊಳೆದಿತ್ತು. "ಇದರ ಅಂಚು ಸ್ವಲ್ಪ ಸವೆದಿದೆ," ಎಂದ ಕೊನೆಗೆ.

ಮೇಡಂ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು. ಅವರ ದನಿಯೇ ಬದಲಾಗಿತ್ತು. "ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡ. ನಿಮ್ಮಮ್ಮಂಗೆ ಅಣ್ಣ ತಮ್ಮ ಯಾರಾದ್ರೂ ಇದಾರಾ?"

"ಮಾವ ಒಬ್ರಿದಾರೆ. ಟೈಲರ್. ಯಾಕೆ ಮೇಡಂ?"

"ಟೈಲರ್ರಾ?" ಮೇಡಂ ತಮ್ಮ ಊಹೆ ತಪ್ಪೇನೋ ಅಂತ ಹಿಂದಕ್ಕೆ ಒರಗಿದರು. "ಹಾಗಾದ್ರೆ ಬಣ್ಣದ ದಾರ ಎಲ್ಲ ಅವರೇ ಆರಿಸ್ತಾರೆ."

"ಇಲ್ಲ ಮೇಡಂ, ದಾರ ಅತ್ತೆ ಆರಿಸಿ ಕೊಡ್ತಾರೆ. ಮಾವ ಮುಟ್ಟೋ ಹಾಗಿಲ್ಲ. ಒಂದ್ಸಲ ಅತ್ತೆ ತವರಿಗೆ ಹೋಗಿದ್ದಾಗ ಮದುಮಗಳ ಕೆಂಪು ರವಿಕೆಗೆ ಹಸಿರು ದಾರ ಹಾಕಿ ಹೊಲಿದುಬಿಟ್ಟಿದ್ರಂತೆ. ಸೋಮಾರಿ, ಎದ್ದು ನೋಡೋಕೂ ಆಗಲ್ವಾ ಅಂತ ಅತ್ತೆ ಇವತ್ತಿಗೂ..."

ಹುಡುಗ ಮುಚ್ಚಳಗಳನ್ನು ನೋಡಿದ. ಮೇಡಂ ಮುಖ ನೋಡಿದ.

"ಫೋನ್ ಹಚ್ಚು ನಿಮ್ಮ ಮಾವಂಗೆ, ಸ್ಪೀಕರಲ್ಲಿಡು," ಎಂದರು ಮೇಡಂ.

ಆ ಕಡೆಯಿಂದ ಹೊಲಿಗೆ ಮೆಷಿನ್ನಿನ ಕಟಕಟ ಕೇಳಿಸಿತು, ಆಮೇಲೆ ಗಂಡಸಿನ ದನಿ. "ಏನಳಿಯಾ, ಈ ಹೊತ್ತಲ್ಲಿ?"

"ನಾನು ನಿಮ್ಮ ಅಳಿಯನ ಕಾಲೇಜಿನ ಮೇಡಂ ಮಾತಾಡೋದು."

ಮೆಷಿನ್ನು ನಿಂತಿತು. "ಏನ್ ಮಾಡ್ದ ಮೇಡಂ? ಬಡ್ಡಿಮಗ ಹಾಗೆಲ್ಲ ತಂಟೆಗೆ ಹೋಗೋನಲ್ಲ."

"ಏನೂ ಮಾಡಿಲ್ಲ. ನಿಮ್ಮಿಂದ ಒಂದು ಸಹಾಯ ಬೇಕು. ಕೆಂಪು ದಾರ, ಹಸಿರು ದಾರ ಎರಡೂ ನಿಮಗೆ ಒಂದೇ ಥರ ಕಾಣುತ್ತಾ?"

ಆ ಕಡೆ ದನಿ ತಗ್ಗಿತು. "ಇದನ್ನ ನಿಮಗೆ ಯಾರು ಹೇಳಿದ್ರು? ಇವಳಿಗೂ ಗೊತ್ತಿಲ್ಲವಲ್ಲ."

"ನಿಮ್ಮ ಅಳಿಯನಿಗೂ ಹಾಗೇ ಕಾಣೋದು. ಅವನಿಗೇ ಗೊತ್ತಿರ್ಲಿಲ್ಲ. ರಸಾಯನಶಾಸ್ತ್ರ ಬಿಡ್ತೀನಿ ಅಂತ ಬಂದಿದಾನೆ."

"ಅಯ್ಯೋ ಮಗನೇ," ಎಂದ ಮಾವ. ಈಗ ಅವನು ಮಾತಾಡುತ್ತಿದ್ದದ್ದು ಹುಡುಗನ ಜೊತೆ. "ನಾನು ರೈಲು ಓಡಿಸೋ ಕೆಲಸಕ್ಕೆ ಹೋಗಿದ್ದು ನಿಂಗೆ ಗೊತ್ತಲ್ಲ. ಒಂದು ಪುಸ್ತಕ ತೆಗೆದು, ಈ ಚುಕ್ಕಿಗಳ ಮಧ್ಯೆ ಯಾವ ಅಂಕಿ ಇದೆ ಹೇಳು ಅಂದ್ರು. ನಂಗೆ ಬರೀ ಚುಕ್ಕಿ ಕಾಣ್ತು. ಅವತ್ತೇ ಮನೆಗೆ ಕಳಿಸಿದ್ರು. ನಾನು ಮನೇಲಿ ಏನು ಹೇಳ್ದೆ ಗೊತ್ತಾ? ಆ ಕೆಲಸ ಇಷ್ಟ ಆಗ್ಲಿಲ್ಲ ಅಂದೆ."

ಹುಡುಗ ತಲೆ ತಗ್ಗಿಸಿದ. ಕಿವಿ ಕೆಂಪಾಗಿದ್ದವು, ತುಟಿ ಮಾತ್ರ ನಗುತ್ತಿತ್ತು.

"ಯಾರ್ರೀ ಅದು ಫೋನಲ್ಲಿ?" ಎಂದು ಆ ಕಡೆ ಹೆಂಗಸಿನ ದನಿ ಕೇಳಿಸಿತು.

"ಬಾ ಇಲ್ಲಿ, ಹೇಳ್ತೀನಿ. ಸೋಮಾರಿ ಅಂತಿದ್ಯಲ್ಲ, ಬಾ," ಎನ್ನುತ್ತ ಮಾವ ಫೋನಿಟ್ಟ.

ಹುಡುಗ ಬೆನ್ನಿಗೆ ಕಟ್ಟಿದ್ದ ಮೂಟೆ ಇಳಿಸಿದವನ ಹಾಗೆ ನಿಟ್ಟುಸಿರುಬಿಟ್ಟ. "ಅಂದ್ರೆ ಅದು ನನ್ನ ಕೈ ತಪ್ಪಲ್ಲ?"

"ಕೈಯೂ ಅಲ್ಲ, ತಲೆಯೂ ಅಲ್ಲ. ಹುಟ್ಟುತ್ತಲೇ ಬಂದ ಕಣ್ಣು. ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತೆ, ತುಂಬ ಜನಕ್ಕೆ ಇರುತ್ತೆ. ಡಾಕ್ಟರ ಹತ್ರ ಒಮ್ಮೆ ತೋರಿಸು, ಅದು ಬೇರೆ."

ಹುಡುಗನ ಮುಖ ಮತ್ತೆ ಸಪ್ಪಗಾಯಿತು. "ಆದ್ರೂ ಅಷ್ಟೇ ಅಲ್ವಾ ಮೇಡಂ. ಬಣ್ಣ ಕಾಣ್ದೋನು ಪರೀಕ್ಷೆ ಹೇಗೆ ಬರೀಲಿ?"

ಮೇಡಂ ಸೆರಗು ಸಿಕ್ಕಿಸಿಕೊಂಡು ಎದ್ದರು. "ನಡಿ," ಎಂದರು.

ಲ್ಯಾಬಿನಲ್ಲಿ ಬ್ಯುರೆಟ್ ಮೇಷ್ಟ್ರು ಸಂಜೆಯ ಬ್ಯಾಚಿನ ಸ್ಟ್ಯಾಂಡುಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಆ ಸಾಲಿನಲ್ಲಿ ಒಂದು ಬ್ಯುರೆಟ್ ಓರೆಯಾಗಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಹೆಸರು ಬಂದದ್ದು ಹಾಗೆ. ಮೇಡಂ ನಿಂತಲ್ಲೇ ಎಲ್ಲ ವಿವರಿಸಿ, ಆಮ್ಲ ಕ್ಷಾರಗಳ ಮಟ್ಟವನ್ನು ಅಂಕಿಯಲ್ಲಿ ತೋರಿಸುವ ಪಿಎಚ್ ಮೀಟರಿನಲ್ಲಿ ಇವನಿಗೆ ಮಾಡಲು ಬಿಡಿ ಎಂದರು.

"ಅದಾಗಲ್ಲ," ಎಂದರು ಮೇಷ್ಟ್ರು, ಬ್ಯುರೆಟ್ಟಿನಿಂದ ಕಣ್ಣು ತೆಗೆಯದೆ. "ಟೈಟ್ರೇಶನ್ ಅಂದ್ರೆ ಕಣ್ಣಲ್ಲಿ ನೋಡಿ ಮಾಡೋದು. ಇವನಿಗೆ ಯಂತ್ರ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ."

"ನಿಮ್ಮ ಕನ್ನಡಕ ಸ್ವಲ್ಪ ಕೊಡಿ," ಎಂದರು ಮೇಡಂ.

"ಯಾಕೆ?"

"ಕೊಡಿ, ತಿಂದುಹಾಕಲ್ಲ."

ಮೇಷ್ಟ್ರು ಕೊಟ್ಟರು. ಮೇಡಂ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡರು. "ಈಗ ಆ ಬ್ಯುರೆಟ್ ಎಷ್ಟು ತೋರಿಸ್ತಿದೆ, ಓದಿ."

ಮೇಷ್ಟ್ರು ಕಣ್ಣು ಕಿರಿದು ಮಾಡಿದರು. ಕತ್ತು ಮುಂದೆ ಚಾಚಿದರು, ಹಿಂದೆ ಎಳೆದುಕೊಂಡರು. ದೂರದ ಮೇಜಿನಲ್ಲಿ ಯಾರೋ ಕಿಸಕ್ಕೆಂದರು.

"ನಿಮಗೆ ಗಾಜು ಸಹಾಯ ಮಾಡುತ್ತೆ, ಅವನಿಗೆ ಮೀಟರು. ಇಬ್ರೂ ಓದೋದು ಅದೇ ಬ್ಯುರೆಟ್ಟನ್ನೇ," ಎಂದರು ಮೇಡಂ. ಕನ್ನಡಕ ವಾಪಸ್ಸು ಕೊಟ್ಟರು.

ಮೇಷ್ಟ್ರು ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸಿ ಒರೆಸಿ ಹಾಕಿಕೊಂಡರು. ಹುಡುಗನನ್ನು ಮೊದಲ ಸಲ ಎಂಬಂತೆ ನೋಡಿದರು. "ಕೈ ಇಲ್ಲ ಅಂದಿದ್ದೆ ನಿಂಗೆ," ಎಂದರು. ಗಂಟಲು ಸರಿಮಾಡಿಕೊಂಡರು. "ಮೀಟರ್ ಬೀರುವಿನಲ್ಲಿದೆ. ಪ್ರತಿ ಸಲ ಹನಿ ಬಿಟ್ಟಾಗ್ಲೂ ಅಂಕಿ ಬರೆದು ಗ್ರಾಫ್ ಹಾಕ್ಬೇಕು, ಬೇರೆಯೋರಿಗಿಂತ ಎರಡರಷ್ಟು ಕೆಲಸ. ಪರೀಕ್ಷೆಗೂ ಹಾಗೇ. ಆಗುತ್ತಾ?"

"ಆಗುತ್ತೆ ಸಾರ್."

"ಬಾಯಲ್ಲಿ ಹೇಳ್ಬೇಡ, ಈಗ್ಲೇ ಮಾಡಿ ತೋರ್ಸು."

ಹುಡುಗ ಮೀಟರಿನ ಕಡ್ಡಿಯನ್ನು ತೊಳೆದು ಬೀಕರಿಗೆ ಇಳಿಸಿದ. ಬ್ಯುರೆಟ್ಟಿನ ತಿರುಪಿಗೆ ಎಡಗೈ ಹೋಯಿತು. ಹನಿ ಬಿಟ್ಟ, ಕಲಕಿದ, ಅಂಕಿ ಬರೆದ. ಮೊದಮೊದಲು ಅಂಕಿ ನಿಧಾನವಾಗಿ ಇಳಿಯುತ್ತಿತ್ತು. ಆಮೇಲೆ ಒಂದೇ ಹನಿಗೆ ಧೊಪ್ಪೆಂದು ಬಿತ್ತು. ಹುಡುಗನ ಬೆರಳು ಆ ಕ್ಷಣಕ್ಕೇ ತಿರುಪನ್ನು ಮುಚ್ಚಿತ್ತು. ಯಾರೂ ಸಾಕು ಅಂದಿರಲಿಲ್ಲ.

ಮೇಷ್ಟ್ರು ಬಗ್ಗಿ ಗೆರೆ ಓದಿದರು. ಜೇಬಿನಿಂದ ತಮ್ಮ ಉತ್ತರದ ಚೀಟಿ ತೆಗೆದು ನೋಡಿದರು. ಮತ್ತೆ ಗೆರೆ ಓದಿದರು.

"ಹೂಂ," ಎಂದರು. "ಸ್ಟ್ಯಾಂಡ್ ಮಾತ್ರ ಓರೆ ಇಟ್ಟಿದೀಯ, ಸರಿ ಮಾಡು." ಆ ಕಾಲೇಜಿನಲ್ಲಿ ಅದಕ್ಕಿಂತ ದೊಡ್ಡ ಶಭಾಷ್‌ಗಿರಿ ಯಾರಿಗೂ ಸಿಕ್ಕಿರಲಿಲ್ಲ.

ವಾಪಸ್ಸು ಬಂದಾಗ ಮೇಡಂ ಕೋಣೆಯಲ್ಲೇ ರೇಡಿಯೊ ಕೂತು, ಯಾರೂ ಹೇಳದಿದ್ದರೂ ಮುಚ್ಚಳಗಳನ್ನು ಕೆಂಪು ಬೇರೆ ಹಸಿರು ಬೇರೆ ಮಾಡುತ್ತಿದ್ದಳು. ಇಬ್ಬರ ಮುಖ ನೋಡಿಯೇ ಅರ್ಧ ತಿಳಿದುಕೊಂಡಳು, ಉಳಿದರ್ಧವನ್ನು ಮೇಡಂ ಬಾಯಿಂದ ಹೊರಡಿಸಿದಳು.

"ಹಾಗಾದ್ರೆ ಒಂದು ವರ್ಷ ಪೂರ್ತಿ ಇವನ ಕಣ್ಣು ನಾನೇ ಆಗಿದ್ದೆ," ಎಂದಳು. "ಲೋ, ಒಂದ್ಸಲನಾದ್ರೂ ಬಾಯಿಬಿಟ್ಟು ಕೇಳ್ಬಾರ್ದಿತ್ತಾ, ಎಲ್ಲಿ ಬಣ್ಣ ಬದಲಾಯ್ತು, ನಂಗೂ ತೋರ್ಸು ಅಂತ?"

"ನೀನು ಬಾಯಿ ಮುಚ್ಚಿದ್ರೆ ತಾನೇ ಕೇಳೋದು," ಎಂದ ಮೌನಿ.

ರೇಡಿಯೊ ಒಂದು ಮುಚ್ಚಳ ಎತ್ತಿ ಅವನತ್ತ ಎಸೆದಳು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಡಿಯಾರ ನೋಡಿ ಕೈ ಚಾಚಿದರು. "ಆಫೀಸು ಇನ್ನೂ ತೆರೆದೇ ಇದೆ. ಇತಿಹಾಸಕ್ಕೆ ಹೋಗೋದಿದ್ರೆ ಹಾಳೆ ಕೊಡು, ಸಹಿ ಹಾಕ್ತೀನಿ. ಪೆನ್ನಲ್ಲಿ ಇಂಕಿದೆ, ಕೈಯೂ ಉಳುಕಿಲ್ಲ."

ರೇಡಿಯೊ ಕಿಟಕಿಯ ಕಡೆ ತಿರುಗಿಕೊಂಡಳು.

"ಆ ಹಾಳೆ ನಂಗೆ ಬೇರೆ ಕೆಲಸಕ್ಕೆ ಬೇಕು ಮೇಡಂ," ಎಂದ ಹುಡುಗ.

ಅವನು ಹಾಳೆಯನ್ನು ಮೇಜಿನ ಮೇಲೆ ಹರಡಿ, ಸೋಸುವ ಕಾಗದವನ್ನು ಮಡಿಸುವ ಹಾಗೆ ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ ಮಡಿಸಿ, ಬಾಯಿ ಬಿಡಿಸಿ ಆಲಿಕೆ ಮಾಡಿದ. ತುದಿಯನ್ನು ಚಿವುಟಿ ತೆಗೆದು, ಸಿಂಕಿನ ಪಕ್ಕದ ಖಾಲಿ ಬಾಟಲಿಯ ಬಾಯಿಗೆ ಇಟ್ಟು, ಡಬ್ಬಿಯಲ್ಲಿ ಉಳಿದಿದ್ದ ಸೋಪಿನ ಪುಡಿಯನ್ನು ಒಂದು ಚೂರೂ ಚೆಲ್ಲದ ಹಾಗೆ ಸುರಿದ. ಬಾಟಲಿಗೆ ಹಾಕಲು ಒಂದು ಮುಚ್ಚಳ ಬೇಕಿತ್ತು, ಸೋಪಿಗೆ ಯಾವ ಬಣ್ಣದ್ದಾದರೂ ನಡೆಯುತ್ತಿತ್ತು. ಗುಡ್ಡೆಯಿಂದ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು, ಬಣ್ಣ ನೋಡದೆ, ಬಿಗಿಯಾಗಿ ತಿರುಗಿಸಿ ಮುಚ್ಚಿದ.