ಮುಳುಗುದೋಣಿಯ ಹರಳು

ಕಮರುನ್ನಿಸಾಳಿಗೆ ಅಂಜಿಕೆ ಎನ್ನುವುದು ನೆಗಡಿ ಇದ್ದ ಹಾಗೆ. ಯಾವ ಕಾಲದಲ್ಲಾದರೂ ಬರುತ್ತಿತ್ತು, ಬಂದರೆ ವಾರಗಟ್ಟಲೆ ಹೋಗುತ್ತಿರಲಿಲ್ಲ. ಪೋಸ್ಟಮನ್ ಬಾಗಿಲು ಬಡಿದರೆ ಅಂಜಿಕೆ, ಕರೆಂಟಿನ ಬಿಲ್ಲು ಬೇರೆ ಬಣ್ಣದ ಕಾಗದದಲ್ಲಿ ಬಂದರೂ ಅಂಜಿಕೆ. ಇಂಥವಳಿಗೆ ಸಿಕ್ಕ ಗಂಡನಾದರೂ ಎಂಥವನು? ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೊ, ಟೀವಿ ರಿಪೇರಿ ಮಾಡುವ ಮೈನುದ್ದೀನ. ಹೊಟ್ಟೆಪಾಡಿಗೆ ಆ ಅಂಗಡಿಯೊಂದು ಸಾಕಿತ್ತು. ಆದರೆ ಆ ಮನುಷ್ಯ ದೂರದ ಊರಿಗೆ ಹೋಗಿ ಪರೀಕ್ಷೆಗೆ ಕೂತು ಹ್ಯಾಮ್ ರೇಡಿಯೊ ಲೈಸೆನ್ಸು ತಂದ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ತಂತಿಯ ಪಕ್ಕ ಇನ್ನೊಂದು ತಂತಿ ಎಳೆದು, ಕಾಣದ ಊರಿನವರ ಜೊತೆ ಟಕ್ ಟಕ್ ಎಂದು ಮಾತಾಡತೊಡಗಿದ. ಆ ಲೈಸೆನ್ಸಿಗಾಗಿ ಮನೆತನ ವಿಚಾರಿಸಲು ಪೊಲೀಸನೊಬ್ಬ ಬಂದು ಚಹಾ ಕುಡಿದು ಹೋಗಿದ್ದ. ಹದಿನಾಲ್ಕು ವರ್ಷದ ಹಿಂದಿನ ಮಾತು. ಅವನು ಕುಡಿದ ಕಪ್ಪನ್ನು ಅವಳು ಇನ್ನೂ ಬೇರೆ ಇಟ್ಟಿದ್ದಳು.

ಮಾತಿಗಷ್ಟೇ ನಿಂತಿದ್ದರೆ ಆಗುತ್ತಿತ್ತು. ಒಬ್ಬಳೇ ಮಗಳು ಹುಸ್ನಾಳನ್ನು ಹೊಳೆಮಣ್ಣೂರಿನಲ್ಲಿದ್ದ ಕಮರುನ್ನಿಸಾಳ ಅಕ್ಕ ಮುಮತಾಜಬಿಯ ಮಗ ನಯೀಮನಿಗೆ ಕೊಟ್ಟ ಮೇಲೆ ಮನೆ ಭಣಗುಟ್ಟಿತಂತೆ. ಮೈನುದ್ದೀನ ನೀರಿನ ಆಟಕ್ಕೆ ಇಳಿದ. ಮೊದಲು ಮೊಳದುದ್ದದ ದೋಣಿ ಮಾಡಿದ, ರೇಡಿಯೊ ಅಲೆಯಿಂದ ಓಡಿಸಿದ. ಆಮೇಲೆ, ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ, ಮುಳುಗುವ ದೋಣಿ. ಮೈಗೆ ಪ್ಲಾಸ್ಟಿಕ್ ಪೈಪು, ಓಟಕ್ಕೆ ಕಾರಿನ ಗಾಜು ತೊಳೆಯುವ ಮೋಟಾರು, ಮುಳುಗಲು ದನದ ದವಾಖಾನೆಯ ದಪ್ಪ ಸಿರಿಂಜು. ಸಿರಿಂಜು ನೀರು ಹೀರಿದರೆ ದೋಣಿ ಕೆಳಗೆ, ಉಗುಳಿದರೆ ಮೇಲೆ. ಎಲ್ಲಿದೆ ಎಂದು ತಿಳಿಯಲು ಬೆನ್ನ ಮೇಲೆ ಸೈಕಲ್ ಕಡ್ಡಿಯೊಂದನ್ನು ನಿಲ್ಲಿಸಿ ತುದಿಗೆ ಕೆಂಪು ಟೇಪು ಸುತ್ತಿದ್ದ. ಈಗಿನ ಹೊಸ ರಿಮೋಟುಗಳ ಅಲೆ ನೀರು ಮುಟ್ಟಿದ ಕೂಡಲೆ ಸಾಯುತ್ತದೆ, ನಮ್ಮ ಹ್ಯಾಮ್‌ನವರ ಉದ್ದನೆಯ ಅಲೆ ಸಿಹಿನೀರಿನೊಳಗೂ ಇಳಿದು ಮಾತಾಡಿಸುತ್ತದೆ ಎಂದು ಅವನು ಹೆಂಡತಿಗೆ ಊಟ ತಣ್ಣಗಾಗುವವರೆಗೆ ಹೇಳಿದ್ದ. ರಿಮೋಟಿನ ಡಬ್ಬಿಯೊಳಗೆ ಉಗುರಿನಷ್ಟು ಒಂದು ಹರಳು, ದೋಣಿಯೊಳಗೆ ಅದಕ್ಕೆ ಜೋಡಿ ಇನ್ನೊಂದು. ಎರಡರ ನಂಬರು ಕೂಡಿದರಷ್ಟೇ ಒಂದರ ಮಾತು ಇನ್ನೊಂದಕ್ಕೆ ಕೇಳುತ್ತದೆ.

"ಹರಳು ತಗದ್ರ ಇದು ಬರೇ ಡಬ್ಬಿ. ಬೇಕಾದ್ರ ಇದರಾಗ ಅಡಕಿ ಇಟ್ಕೋ" ಎಂದು ನಕ್ಕಿದ್ದ.

ಅವಳಿಗೆ ನಗು ಬಂದಿರಲಿಲ್ಲ. ಹಿಂದಿನ ವರ್ಷವಷ್ಟೇ ಟೀವಿಯಲ್ಲಿ ನೋಡಿದ್ದಳು. ಯಾವುದೋ ಊರಿನ ಮೊಬೈಲ್ ರಿಪೇರಿ ಹುಡುಗನನ್ನು ಏನೋ ಕೇಳುವುದಿದೆ ಎಂದು ಕರೆದೊಯ್ದವರು ಎರಡು ತಿಂಗಳು ಬಿಟ್ಟಿರಲಿಲ್ಲ. ಅವನ ತಾಯಿ ಕ್ಯಾಮೆರಾದ ಮುಂದೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಮೇಲೆ ಓಡುವ ದೋಣಿ ಆಟಿಕೆ ಅನ್ನಬಹುದು. ಕೆಳಗೆ ಅಡಗಿ ಓಡುವುದಕ್ಕೆ ಜನ ಏನನ್ನುತ್ತಾರೆ, ಅದೂ ಮೈನುದ್ದೀನನೆಂಬ ಹೆಸರಿನವನು ಓಡಿಸಿದರೆ?

ಅವಳು ಅಂಜಿದ್ದೇ ಆಯಿತು. ಕೆರೆಯಲ್ಲಿ ಅದನ್ನು ಓಡಿಸುವುದನ್ನು ಯಾರೋ ಕಂಡು ಠಾಣೆಗೆ ಹೇಳಿದರು. ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ, ಗಂಡ ಅಂಗಡಿಯಲ್ಲಿದ್ದಾಗ, ಪೊಲೀಸನೊಬ್ಬ ಸೈಕಲ್ಲು ಗೋಡೆಗೆ ಆನಿಸಿ ಬಾಗಿಲಲ್ಲಿ ನಿಂತ. ಹೊಸ ಫೌಜದಾರರು ಕೇಳಿ ಬಾ ಅಂದಿದ್ದಾರೆ, ನೀರಲ್ಲಿ ಮುಳುಗುವ ಯಂತ್ರ ನಿಮ್ಮದೇನು ಎಂದು ಸಾವಕಾಶವಾಗಿಯೇ ಕೇಳಿದ. ಲೈಸೆನ್ಸು ಒಳಗೆ ಗಾಜಿನ ಫ್ರೇಮಿನಲ್ಲಿತ್ತು. ತಂದು ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಅಂಜಿದವಳಿಗೆ ಫ್ರೇಮು ನೆನಪಾಗುತ್ತದೆಯೇ? ಅದು ಯಾವಾಗಲೋ ಕೆಟ್ಟಿತು, ಗುಜರಿಗೆ ಹಾಕಿದೆವು ಎಂದುಬಿಟ್ಟಳು. ಅವನು ಅದನ್ನೇ ಚೀಟಿಯಲ್ಲಿ ಬರೆದುಕೊಂಡು ಹೋದ. ಹೋದ ಮೇಲೆ ಅವಳು ಬಾಗಿಲ ಚಿಲಕ ಹಾಕಿದಳು. ನಾಳೆ ಬಂದು ಹುಡುಕಿದರೆ? ರಿಮೋಟಿನ ಡಬ್ಬಿಯ ಬೆನ್ನು ತೆಗೆದು ಹರಳು ಕಿತ್ತಳು. ಜಾಗ ಖಾಲಿ ಕಂಡರೆ ಗಂಡನಿಗೆ ತಿಳಿಯುತ್ತದೆಂದು ಅವನ ಬಿಡಿಭಾಗಗಳ ತಗಡಿನ ಡಬ್ಬಿಯಿಂದ ಅಂಥದೇ ಇನ್ನೊಂದು ಹರಳು ತೆಗೆದು ಅಲ್ಲಿ ಚುಚ್ಚಿದಳು. ಖರೇ ಹರಳನ್ನು ಸೊಂಟದ ಎಲೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಕೆಳಗೆ ಹಾಕಿಕೊಂಡಳು. ಇನ್ನು ಬಂದು ಒಯ್ದರೂ ಒಯ್ಯುವುದು ಬರೀ ಡಬ್ಬಿ ಎಂದು ಅವಳ ಲೆಕ್ಕ. ಗಂಡನಿಗೆ ಪೊಲೀಸನ ಸುದ್ದಿಯನ್ನೂ ಹೇಳಲಿಲ್ಲ, ಹರಳಿನ ಸುದ್ದಿಯನ್ನೂ ಹೇಳಲಿಲ್ಲ.

ಮರುದಿನದಿಂದ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಐದನೆಯ ದಿನ ಮಲಪ್ರಭೆ ಹೊಳೆಮಣ್ಣೂರಿನೊಳಗೆ ಬಂತು. ಊರವರೆಲ್ಲ ರಾತ್ರಿಯೇ ಎತ್ತರಕ್ಕೆ ಹತ್ತಿದ್ದರು. ಮುಮತಾಜಬಿ ಲಕವಾ ಹೊಡೆದು ಹಾಸಿಗೆ ಹಿಡಿದವಳು. ಅವಳನ್ನು ಒಯ್ಯಲು ಗಾಡಿ ಬರಲೆಂದು ನಯೀಮ ಕಾಯುವಷ್ಟರಲ್ಲಿ ನೀರು ಓಣಿಯನ್ನು ಕಡಿದಿತ್ತು. ನಸುಕಿನಲ್ಲಿ ಅವನ ಫೋನು ಬಂತು. ನಾಲ್ವರೂ ಮಾಳಿಗೆಯ ಮೇಲಿದ್ದೇವೆ, ಗೋಡೆ ಮಣ್ಣಿನದು ಎಂದ. ಅಷ್ಟಕ್ಕೇ ಫೋನು ಸತ್ತಿತು.

ಟೆಂಪೊ ಹಿಡಿದು ಗಂಡಹೆಂಡತಿ ಊರ ಹೊರಗಿನ ಏರು ರಸ್ತೆ ಮುಟ್ಟಿದಾಗ ಮಧ್ಯಾಹ್ನ ಮೂರು ದಾಟಿತ್ತು. ಹೆಂಗಸರು ನೀರಿಗೆ ಹೋಗದಿರಲೆಂದು ಪೊಲೀಸರು ಹಗ್ಗ ಕಟ್ಟಿದ್ದರು. ಹಗ್ಗದಾಚೆ, ಮೂವತ್ತು ನಾಲ್ವತ್ತು ಮಾರು ಕೆನ್ನೀರಿನ ಆಚೆ, ಮಗಳ ಮನೆ ಅರ್ಧ ಮುಳುಗಿ ನಿಂತಿತ್ತು. ಮಾಳಿಗೆಯ ಮೇಲೆ ನೀಲಿ ತಾಡಪತ್ರಿಯ ಕೆಳಗೆ ಹುಸ್ನಾ, ಅವಳ ಮಡಿಲಲ್ಲಿ ಮೂರು ವರ್ಷದ ಸಾನಿಯಾ. ಪಕ್ಕದಲ್ಲಿ ಚಾದರ ಹೊದಿಸಿದ ಮುಮತಾಜಬಿ, ಅವಳ ಬಳಿ ನಯೀಮ. ಮನೆಗೆ ಹತ್ತಿದಂತೆ ಒಂದು ಬೇವಿನ ಮರ. ಅಷ್ಟು ಹತ್ತಿರ ಇದ್ದರು, ಮೊಮ್ಮಗಳು ಅಳುವುದು ಕೇಳುತ್ತಿತ್ತು. 

ಈಜಲು ಇಳಿದಿದ್ದ ದ್ಯಾಮೇಶನೆಂಬ ಗಟ್ಟಿ ಆಳು ನೀರಿನೊಳಗಿನ ಜಾಲಿ ಬೇಲಿಗೆ ಸಿಕ್ಕು, ತೊಡೆ ಹರಿದುಕೊಂಡು ತಿರುಗಿ ಬಂದಿದ್ದ. ಲಾರಿ ಟ್ಯೂಬು ಬಿಟ್ಟರೆ ಸೆಳವು ಅದನ್ನು ಬೇರೆ ಕಡೆಗೆ ಒಯ್ಯುತ್ತಿತ್ತು; ಆಚೆ ಕಡೆ ಹಗ್ಗ ಕಟ್ಟಿದ್ದರೆ ಅದರ ಗುಂಟ ಎಳೆಯಬಹುದಿತ್ತು. ಸರಕಾರದ ಬೋಟು ಇನ್ನೊಂದು ಊರಿನಲ್ಲಿತ್ತು, ಕತ್ತಲಾಗುವುದರೊಳಗೆ ಬರುವುದು ಕಷ್ಟವೆಂದರು. ಮಣ್ಣಿನ ಗೋಡೆ ಕತ್ತಲಿನವರೆಗೆ ತಡೆಯುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮೈನುದ್ದೀನ ಗೋಣಿಚೀಲದಿಂದ ಮುಳುಗುದೋಣಿ ತೆಗೆದ. ಮನೆಯಿಂದ ಅದನ್ನು ಹೊತ್ತು ತಂದದ್ದೇ ಇದಕ್ಕೆ. ಮೇವಿನ ಬಣವೆಗಳೇ ಕಿತ್ತು ತೇಲುತ್ತಿದ್ದ ಆ ನೀರಿನಲ್ಲಿ ಮೇಲಿನ ದೋಣಿ ಎರಡು ಮಾರು ಹೋಗುತ್ತಿರಲಿಲ್ಲ. ಇದು ಕಸದ ಕೆಳಗೆ ಹೋಗುತ್ತದೆ, ಬಾಲಕ್ಕೆ ನೈಲಾನ್ ದಾರ ಕಟ್ಟಿದರೆ ದಾರ ಮುಟ್ಟುತ್ತದೆ, ದಾರದ ಹಿಂದೆ ಹಗ್ಗ, ಹಗ್ಗದ ಹಿಂದೆ ಟ್ಯೂಬು. ಇದನ್ನೆಲ್ಲ ಅವನು ರೋಣದ ಹೊಸ ಫೌಜದಾರ ಪ್ರಭುಲಿಂಗಪ್ಪನಿಗೆ ವಿವರಿಸುತ್ತಿದ್ದುದು ಕಮರುನ್ನಿಸಾಳಿಗೆ ಕೇಳಿಸಿತು. ಆಗ ಅವಳ ಕೈ ಸೊಂಟಕ್ಕೆ ಹೋಯಿತು. ಸಂಚಿ ಅಲ್ಲೇ ಇತ್ತು.

ಮೈನುದ್ದೀನ ರಿಮೋಟಿನ ಗುಂಡಿ ಒತ್ತಿದ. ದೀಪ ಹತ್ತಿತು, ದೋಣಿ ಅಲುಗಲಿಲ್ಲ. ಸೆಲ್ಲು ತೆಗೆದು ಒರೆಸಿ ಹಾಕಿದ. ದೋಣಿ ಸತ್ತ ಮೀನಿನಂತೆ ಬಿದ್ದೇ ಇತ್ತು.

ಫೌಜದಾರನಿಗೆ ಏನೋ ನೆನಪಾಯಿತು. ಅವನು ಕೆಟ್ಟ ಮನುಷ್ಯನಲ್ಲ, ನೆನಪಿನ ಮನುಷ್ಯ. "ಅಲ್ರಿ, ಇದು ಕೆಟ್ಟು ಗುಜರಿಗೆ ಹೋಗೇತಿ ಅಂತ ನಮ್ಮವ ಬರದಿದ್ದ. ನಿಮ್ಮ ಮನಿಯಾಗ ಹಂಗ ಹೇಳ್ಯಾರಂತಲ್ಲ?" ಎಂದ.

ಮೈನುದ್ದೀನ ತಲೆ ಎತ್ತಿ, ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಕೇಳಿದ. ಫೌಜದಾರ ಅವನ ಮುಖವನ್ನೇ ನೋಡಿದ. ಹಗ್ಗದ ಈಚೆ ನಿಂತ ಕಮರುನ್ನಿಸಾ ಸಂಚಿಯನ್ನು ಸೆರಗಿನಿಂದ ಮುಚ್ಚಿದಳು. ಈಗ ಹರಳು ಕೊಟ್ಟರೆ ಸುಳ್ಳು ಹೇಳಿದ್ದು ಬಯಲಾಗುತ್ತದೆ. ಪೊಲೀಸರಿಗೆ ಸುಳ್ಳು ಹೇಳಿ, ಯಂತ್ರದ ಭಾಗ ಬಚ್ಚಿಟ್ಟ ಮನೆ. ಇಬ್ಬರನ್ನೂ ಒಯ್ಯುತ್ತಾರೆ. ಇವನನ್ನಂತೂ ಬಿಡುವುದಿಲ್ಲ. ಸ್ವಲ್ಪ ತಡೆ, ಇವನೇ ಹರಳಿನ ನಂಬರು ನೋಡುತ್ತಾನೆ, ಬದಲಾದದ್ದು ಇವನಿಗೇ ತಿಳಿಯುತ್ತದೆ, ನಾ ಬಾಯಿ ಬಿಡುವುದೇ ಬೇಕಾಗುವುದಿಲ್ಲ ಎಂದುಕೊಂಡಳು. ಮೈನುದ್ದೀನ ತಂತಿ ನೋಡಿದ, ಬೆಸುಗೆ ನೋಡಿದ, ಗುಂಡಿ ನೋಡಿದ. ತನ್ನ ಕೈಯಾರೆ ಕೂಡಿಸಿದ ಹರಳನ್ನು ಮಾತ್ರ ನೋಡಲಿಲ್ಲ. ಅದರ ಮೇಲೆ ಅವನಿಗೆ ಅಷ್ಟು ನಂಬಿಕೆ. ಫೌಜದಾರನ ಕೈಗಡಿಯಾರ ಅವಳಿಗೆ ಕಾಣುವಂತೆಯೇ ಇತ್ತು. ಮುಳ್ಳು ನಾಲ್ಕರಿಂದ ಐದು ಮಿನಿಟು ಸರಿಯಿತು, ಹತ್ತು ಸರಿಯಿತು, ಹದಿನೈದು ಸರಿಯಿತು. ಅವಳ ಬೆರಳು ಸಂಚಿಯ ದಾರವನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡಿತು.

ಆಗ ಮಗಳ ಮನೆಯ ಮೂಲೆಯ ಗೋಡೆಯಿಂದ ಎತ್ತಿನ ಗಾತ್ರದ ಹೆಂಟೆಯೊಂದು ಕಳಚಿ ನೀರಿಗೆ ಬಿತ್ತು. ಹುಸ್ನಾ ಕೂಗಲಿಲ್ಲ. ಮಗುವನ್ನು ಎತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು, ಅಷ್ಟೇ. ಆ ಹೆಜ್ಜೆ ನೋಡಿ ಕಮರುನ್ನಿಸಾ ಹಗ್ಗದ ಕೆಳಗೆ ನುಸುಳಿ ಹೋದಳು.

"ಸಾಹೇಬ್ರ, ಅದು ಕೆಟ್ಟಿಲ್ರಿ. ಹರಳು ನನ್ನ ಹಂತ್ಯಾಕ ಐತ್ರಿ" ಎಂದು ಸುಣ್ಣ ಮೆತ್ತಿದ ಹರಳನ್ನು ಗಂಡನ ಅಂಗೈಯಲ್ಲಿ ಇಟ್ಟಳು.

"ನಿಮ್ಮ ಹಂತ್ಯಾಕ ಯಾಕ ಬಂತದು?" ಎಂದ ಫೌಜದಾರ.

"ನಿಮ್ಮ ಅಂಜಿಕಿಗೆ ತಗದಿಟ್ಟಿದ್ನಿರಿ."

"ನಾ ಏನ್ ಮಾಡೀನವ್ವಾ ನಿಮಗ?"

"ಏನೂ ಮಾಡಿಲ್ರಿ. ಆದ್ರೂ ಅಂಜಿಕಿ."

ಫೌಜದಾರ ಪ್ರಭುಲಿಂಗಪ್ಪ ಬೂಟು ಕಳಚಿ ತಾನೇ ಸೊಂಟಮಟ ನೀರಿಗೆ ಇಳಿದು ದೋಣಿಯನ್ನು ಹಿಡಿದು ನಿಂತ.

ಮೈನುದ್ದೀನ ಹೆಂಡತಿಯ ಕಡೆ ನೋಡದೆ ಹರಳು ಒರೆಸಿ ಕೂಡಿಸಿದ. ಮೋಟಾರು ಗುಂಯ್ ಎಂದಿತು. ದೋಣಿ ಮೂಗು ಬಗ್ಗಿಸಿ ನೀರಿಗಿಳಿಯಿತು, ಹಿಂದೆ ದಾರ ಬಿಚ್ಚುತ್ತ ಹೋಯಿತು. ಕೆಂಪು ಟೇಪಿನ ಕಡ್ಡಿಯೊಂದೇ ಮೇಲೆ. ಮೇವಿನ ರಾಶಿಯೊಂದು ಬಂದು ಕಡ್ಡಿಯನ್ನು ಮುಚ್ಚಿತು. ಸಾವಿರ ಎಣಿಸಿದಷ್ಟು ಹೊತ್ತಾಯಿತು ಅವಳಿಗೆ. ರಾಶಿಯ ಆಚೆ ಮತ್ತೆ ಕೆಂಪು ಕಂಡಿತು. ಸೆಳವು ದೋಣಿಯನ್ನು ಬಲಕ್ಕೆ ನೂಕಿದರೆ ಮೈನುದ್ದೀನ ಎಡಕ್ಕೆ ತಿರುವುತ್ತಿದ್ದ, ತುಟಿ ಮಾತ್ರ ಅಲುಗುತ್ತಿತ್ತು. ಕೊನೆಗೆ ಬೇವಿನ ಮರದ ಬುಡದಲ್ಲಿ ನಯೀಮ ಟೊಂಗೆಗೆ ಜೋತುಬಿದ್ದು ಅದನ್ನು ಹಿಡಿದಾಗ ದಂಡೆಯ ಮೇಲೆ ಯಾರಿಗೂ ಚಪ್ಪಾಳೆ ಹೊಡೆಯಲು ಧೈರ್ಯವಾಗಲಿಲ್ಲ.

ದಾರದ ಹಿಂದೆ ಹಗ್ಗ ಹೋಯಿತು. ನಯೀಮ ಅದನ್ನು ಬೇವಿನ ಮರಕ್ಕೆ ಬಿಗಿದ. ಟ್ಯೂಬು ಹೋಗಿ, ಹುಸ್ನಾಳನ್ನೂ ಮಗುವನ್ನೂ ಹೊತ್ತು ಬಂತು. ಕಮರುನ್ನಿಸಾ ಮೊಮ್ಮಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಅದರ ಕಿವಿ, ಕಾಲು, ಬೆರಳು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಟ್ಯೂಬನ್ನು ಮತ್ತೆ ಆಚೆಗೆ ಎಳೆದರು. ಅದು ಅರ್ಧ ದಾರಿಯಲ್ಲಿತ್ತು. ನಯೀಮ ತಾಯಿಯನ್ನು ಚಾದರದಲ್ಲಿ ಸುತ್ತಿ ಎತ್ತಲು ಬಗ್ಗಿದ್ದ. ಆಗ ಮಾಳಿಗೆ ನಡುವಿನಲ್ಲಿ ಕುಸಿಯಿತು. ದೊಡ್ಡ ಸಪ್ಪಳವೇನೂ ಆಗಲಿಲ್ಲ. ನಯೀಮ ಹಗ್ಗ ಹಿಡಿದು ಉಳಿದ. ಅವನ ಕೈಯಲ್ಲಿ ಚಾದರ ಮಾತ್ರ ಇತ್ತು.

ಮುಮತಾಜಬಿ ಮರುದಿನ ಜಾಲಿ ಬೇಲಿಯ ಹತ್ತಿರ ಸಿಕ್ಕಳು.

ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ರೋಣದ ಮನೆಯಲ್ಲೇ ಆಯಿತು. ಬಂದವರೆಲ್ಲ ಕಮರುನ್ನಿಸಾಳನ್ನು ಹೊಗಳಿದರು. ಎಂಥ ಗಟ್ಟಿ ಹೆಂಗಸು, ಫೌಜದಾರನ ಎದುರು ನಿಂತು ಮಾತಾಡಿದಳಂತೆ, ಆ ಹರಳು ಕೊಡದಿದ್ದರೆ ನಾಲ್ವರೂ ಹೋಗುತ್ತಿದ್ದರಂತೆ. ಅವಳು ಅದನ್ನೆಲ್ಲ ಕೇಳುತ್ತ, ತೊಡೆಯ ಮೇಲೆ ಮಲಗಿದ ಸಾನಿಯಾಳ ತಲೆ ಸವರುತ್ತ ಕೂತಿದ್ದಳು. ಫೌಜದಾರನ ಅಂಜಿಕೆ ಹೋಗಿತ್ತು. ಅದು ಹೋದ ಜಾಗದಲ್ಲಿ ಇನ್ನೊಂದು ಕೂತಿತ್ತು, ಇದು ಅದಕ್ಕಿಂತ ದೊಡ್ಡದು. ಹರಳು ಕೊಟ್ಟದ್ದು ಎಲ್ಲರಿಗೂ ಗೊತ್ತು. ಎಷ್ಟು ಹೊತ್ತು ಕೊಡದೆ ನಿಂತಿದ್ದಳೆಂದು ಗೊತ್ತಿದ್ದವರು ಆ ಮನೆಯಲ್ಲಿ ಅವಳು ಮತ್ತು ಅವಳ ಗಂಡ ಇಬ್ಬರೇ. ಮೈನುದ್ದೀನ ಹಿಂದಿನ ದಿನ ಅಡುಗೆಮನೆಗೆ ಬಂದು, ಸುಮ್ಮನಿರು, ಹೇಳಿ ಯಾರಿಗೇನು ಬರುವುದಿದೆ ಎಂದಿದ್ದ. ಯಾವುದಕ್ಕೂ ಅಂಜದ ಮನುಷ್ಯ ಅಂದು ಮೆಲ್ಲಗೆ ಮಾತಾಡಿದ್ದ.

ಬಂದವರು ಹೋದ ಮೇಲೆ ನಯೀಮ ಅವಳ ಎದುರು ಬಂದು ಕುಳಿತ. ಮೂರು ದಿನದಲ್ಲಿ ಅವನ ಕಣ್ಣುಗಳು ಒಳಗೆ ಹೋಗಿದ್ದವು.

"ನೀವು ಇರಲಿಲ್ಲಂದ್ರ ನಾವ್ಯಾರೂ ಉಳೀತಿದ್ದಿಲ್ಲ, ಖಾಲಾ. ಇನ್ನೊಂದು ಹತ್ತು ಮಿನಿಟು ಸಿಕ್ಕಿದ್ರ ಅಮ್ಮೀನೂ ಟ್ಯೂಬಿನಾಗ ಕುಂದರಸ್ತಿದ್ನಿ. ಅಲ್ಲಾನ ಮರ್ಜಿ."

ಗಂಡ ಬಾಗಿಲಿನಿಂದ ಅವಳನ್ನು ನೋಡಿ ಬೇಡವೆಂದು ತಲೆ ಅಲ್ಲಾಡಿಸಿದ. ಅವಳಿಗೆ ಅದು ಕಂಡಿತು. 

"ಹತ್ತು ಮಿನಿಟು ಇತ್ತು, ನಯೀಮ" ಎಂದಳು. "ನಾ ಹಗ್ಗದ ಹಿಂದ ನಿಂತಿದ್ನಿ. ಹರಳು ನನ್ನ ಸಂಚ್ಯಾಗ ಇತ್ತು. ಬಾಯಿ ಬಿಡಾಕ ಆಗಲಿಲ್ಲ."

ನಯೀಮ "ಎಷ್ಟೊತ್ತು?" ಎಂದ.

"ಕಾಲ ತಾಸು."

ಅವನು ಎದ್ದು, ಚಪ್ಪಲಿ ಮೆಟ್ಟದೆ ಅಂಗಳ ದಾಟಿ ರಸ್ತೆಗೆ ಹೋದ. ಅಡುಗೆಮನೆಯ ಬಾಗಿಲಲ್ಲಿ ಹುಸ್ನಾ ನಿಂತಿದ್ದಳು. ಯಾವಾಗ ಬಂದು ನಿಂತಿದ್ದಳೋ. ಅವಳು ತಾಯಿಯ ಬಳಿ ಬಂದು, ಬಗ್ಗಿ, ನಿದ್ದೆಯಲ್ಲಿದ್ದ ಮಗುವನ್ನು ತಾಯಿಯ ತೊಡೆಯ ಮೇಲಿಂದ ಎತ್ತಿಕೊಂಡು ಒಳಗೆ ಹೋದಳು.