ನಾಲ್ಕು ನಿಮಿಷ ಹತ್ತು ಸೆಕೆಂಡು

ಸ್ಪೀಕರಿನಲ್ಲಿ ಹಾಡಿನ ಎರಡನೆಯ ಭಾಗ ಶುರುವಾಗಿ ಹುಡುಗಿಯರು ಎಂಟು ಎಣಿಸುವಷ್ಟರಲ್ಲಿ ಬಾಗಿಲು ಗೋಡೆಗೆ ಬಡಿಯಿತು. ಸುನಿತಾ ತಿರುಗಿ ನೋಡಿದಳು. ಅಣ್ಣನ ಮಗ ಮಂಜುನಾಥ, ಅವನ ಹಿಂದೆ ಇಬ್ಬರು ಗೆಳೆಯರು. ಮೂವರೂ ಚಪ್ಪಲಿ, ಬೂಟು ಬಿಡದೆ ಒಳಗೆ ಬಂದಿದ್ದರು.

ಪಾಂಡವಪುರದ ಪೇಟೆಯಲ್ಲಿ ಅಣ್ಣ ಕೆಂಪಣ್ಣನ ಗೊಬ್ಬರದ ಅಂಗಡಿಯ ಮೇಲಿನ ಹಾಲ್ ಅದು. ತಂಗಿಯ ಗಂಡ ತೀರಿಕೊಂಡ ವರ್ಷ ಕೆಂಪಣ್ಣನೇ ಅಲ್ಲಿದ್ದ ಮೂಟೆಗಳನ್ನು ತೆಗೆಸಿ, ಸುಣ್ಣ ಬಳಿಸಿ, ಡ್ಯಾನ್ಸ್ ಕ್ಲಾಸು ನಡೆಸಿಕೊಂಡಿರು ಎಂದು ಅವಳಿಗೆ ಬಿಟ್ಟುಕೊಟ್ಟಿದ್ದ. ಹನ್ನೊಂದು ವರ್ಷ ಭರತನಾಟ್ಯವೇ ನಡೆದಿತ್ತು. ಈ ಸಲ ಶ್ರೀರಂಗಪಟ್ಟಣದ ದಸರಾ ವೇದಿಕೆಗೆ ಬೇರೆ ಏನಾದರೂ ಮಾಡೋಣವೆಂದು ಸುನಿತಾ ಬ್ಯಾಲೆಯೊಂದರ ರೆಕಾರ್ಡಿಂಗ್ ಹಿಡಿದು ಕೂತಿದ್ದಳು. ಎಲ್ಲಿಯದೋ ದೊಡ್ಡ ವಾದ್ಯವೃಂದ ನುಡಿಸಿದ್ದು, ಬೇಟೆಗಾರರಿಂದ ತಪ್ಪಿಸಿಕೊಳ್ಳುವ ಜಿಂಕೆಯ ಕಥೆ. ಎರಡು ತಿಂಗಳು ಕೇಳಿ ಕೇಳಿ, ವೇಗ, ರಾಗ, ಭಾವ ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದುಕೊಂಡಿದ್ದಳು. ಮೊದಲ ಭಾಗ ನಿಧಾನ, ನಿಮಿಷಕ್ಕೆ ಅರವತ್ತು ಪೆಟ್ಟು. ಪಿಟೀಲುಗಳೆಲ್ಲ ಕೂಡಿ ಕೀರವಾಣಿ ರಾಗದ ಹತ್ತಿರ ಸುಳಿಯುತ್ತಿದ್ದವು. ಎರಡನೆಯದಕ್ಕೆ ನೂರೈವತ್ತು. ಡೋಲುಗಳು ಅಟ್ಟಿಸಿಕೊಂಡು ಬರುತ್ತಿದ್ದವು, ಬಿಡುವೇ ಇರಲಿಲ್ಲ. ಅದರ ಮುಂದೆ ‘ಭಯಾನಕ’ ಎಂದು ಬರೆದಿದ್ದಳು. ಆ ಭಾಗ ಶುರುವಾದ ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಎಲ್ಲವೂ ಒಮ್ಮೆಗೇ ಶಂಕರಾಭರಣಕ್ಕೆ ತೆರೆದುಕೊಳ್ಳುತ್ತಿತ್ತು. ಅಲ್ಲಿ ಧರ್ಮೇಂದ್ರ ಹೇಮಶ್ರೀಯನ್ನು ತಲೆಯ ಮೇಲಕ್ಕೆ ಎತ್ತಬೇಕು.

ಹೇಮಶ್ರೀ ಮಂಜುನಾಥನ ತಂಗಿ. ಧರ್ಮೇಂದ್ರ ಕಾಲೋನಿಯ ಸಿದ್ದಲಿಂಗಮ್ಮನ ಮಗ, ಕಡೇ ವರ್ಷದ ಡಿಗ್ರಿ ಓದುತ್ತಿದ್ದ. ಅವನು ಎತ್ತಿದ್ದನ್ನು ಯಾರೋ ಹುಡುಗಿ ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದ್ದಳು. ಶನಿವಾರ ಸಂಜೆಯ ಹೊತ್ತಿಗೆ ಅದು ಪೇಟೆಯನ್ನೆಲ್ಲ ಸುತ್ತಿತ್ತು. ಭಾನುವಾರ ಬೆಳಿಗ್ಗೆ ಮಂಜುನಾಥ ಬಂದ.

“ನನ್ ತಂಗೀನ ಎತ್ಕೊಂಡ್ ತಿರುಗ್ತೀಯೇನ್ಲಾ?” ಎಂದವನೇ ಪ್ಲಾಸ್ಟಿಕ್ ಕುರ್ಚಿಯಿಂದ ಮುಖಕ್ಕೆ ಹೊಡೆದ. ಕುರ್ಚಿಯ ಕಾಲು ಮುರಿಯಿತು. ಧರ್ಮೇಂದ್ರ ಎರಡೂ ಕೈ ಮುಂದೆ ಹಿಡಿದು ಏನೋ ಹೇಳಲು ಹೋದ. ಮಂಜುನಾಥ ಕಿಟಕಿಯ ಪರದೆಯನ್ನು ಕಬ್ಬಿಣದ ಪೈಪಿನ ಸಮೇತ ಕಿತ್ತು, ಬಟ್ಟೆ ಎಳೆದು ಬಿಸಾಡಿ, ಆ ಪೈಪಿನಿಂದ ಮೊಣಕಾಲಿಗೆ ಬಾರಿಸಿದ. ಹುಡುಗ ಕುಸಿದ. ಆಮೇಲೆ ಬೆನ್ನಿಗೆ, ಪಕ್ಕೆಗೆ, ದವಡೆಗೆ. ಒಬ್ಬ ಗೆಳೆಯ ಬೂಟುಗಾಲಿನಿಂದ ಹೊಟ್ಟೆಗೆ ಒದೆಯುತ್ತಿದ್ದ, ಇನ್ನೊಬ್ಬ ಹೇಮಶ್ರೀಯನ್ನು ಜಡೆ ಹಿಡಿದು ಗೋಡೆಗೆ ಒತ್ತಿದ್ದ. ಡೋಲುಗಳು ನಡೆದೇ ಇದ್ದವು. ಹುಡುಗಿಯರು ಕಿರುಚಿದ್ದು ಕಹಳೆಗಳ ನಡುವೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ನೆಲದ ಮೇಲೆ ಧರ್ಮೇಂದ್ರನ ಬಾಯಿಯಿಂದ ಒಂದು ಹಲ್ಲು ಜಾರಿ ಸುನಿತಾಳ ಕಾಲಿನ ಹತ್ತಿರ ಬಂದು ನಿಂತಿತು.

“ಅತ್ತೆ, ನೀನು ಆ ಕಡೆ ನಿಂತ್ಕೋ,” ಎಂದ ಮಂಜುನಾಥ, ತಿರುಗಿ ನೋಡದೆ.

ಅವಳು ನಿಂತಳು. ಮೊಬೈಲು ಅವಳ ಕೈಯಲ್ಲೇ ಇತ್ತು. ಒಂದು ಬೆರಳು ಮುಟ್ಟಿಸಿದ್ದರೆ ಹಾಡಾದರೂ ನಿಲ್ಲುತ್ತಿತ್ತು. ಬೆರಳು ಏಳಲಿಲ್ಲ.

ಕೊನೆಗೆ ಹೇಮಶ್ರೀ ತನ್ನನ್ನು ಹಿಡಿದವನ ಕೈ ಕಚ್ಚಿ ಬಿಡಿಸಿಕೊಂಡು ಓಡಿಬಂದು ಧರ್ಮೇಂದ್ರನ ಮೇಲೆ ಕವುಚಿ ಬಿದ್ದಳು. ಬೀಸಿದ ಪೈಪು ಅವಳ ಹೆಗಲಿಗೆ ಬಿತ್ತು. ಮೂಳೆ ಮುರಿದು ತೋಳು ಜೋತುಬಿದ್ದದ್ದು ಎಲ್ಲರಿಗೂ ಕಾಣಿಸಿತು. ಮಂಜುನಾಥ ತನ್ನ ಕೈಯನ್ನೇ ನೋಡುತ್ತ ಪೈಪನ್ನು ಬಿಟ್ಟ. ಸ್ಪೀಕರಿನಲ್ಲಿ ರಾಗ ಬದಲಾಯಿತು. ಎಲ್ಲ ವಾದ್ಯಗಳೂ ಸೇರಿ ಹಾಲ್ ತುಂಬ ಶಂಕರಾಭರಣ ಹರಡಿತು.

ಮಧ್ಯಾಹ್ನ ಠಾಣೆಯ ಹೊರಗೆ, ಹೊಂಗೆಯ ಮರದ ಕೆಳಗೆ ಕೆಂಪಣ್ಣ ತಂಗಿಯನ್ನು ನಿಲ್ಲಿಸಿದ. ಅವನ ಕಣ್ಣು ಕೆಂಪಾಗಿತ್ತು. ಮಗಳು ಆಸ್ಪತ್ರೆಯಲ್ಲಿ, ಮಗ ಒಳಗೆ. ಅವನು ಗದರಲಿಲ್ಲ.

“ಉಡುಗ್ರು ತಳ್ಳಾಡ್ಕೊಂಡ್ರು, ಎಲ್ಡು ಏಟು ಬಿದ್ದೋ, ನಾನ್ ಸರೀಗ್ ನೋಡ್ನಿಲ್ಲ. ಅಂಗಂದ್ಬುಡು ಕಣವ್ವ, ಅಷ್ಟು ಸಾಕು. ನಿನ್ನ ಕೈಲಿ ಆಡ್ದ ಮಗ ಅವ್ನು.”

ನಿಜ. ತಾಯಿ ಹಾಸಿಗೆ ಹಿಡಿದಿದ್ದಾಗ ಮಂಜುನಾಥನಿಗೆ ಅನ್ನ ಕಲಸಿ ತಿನ್ನಿಸಿದವಳು ಅವಳೇ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಸಬ್‌ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ತಳ್ಳಾಟ ಎಷ್ಟು ಹೊತ್ತು ನಡೆಯಿತು, ಅರ್ಧ ನಿಮಿಷವೋ ಒಂದು ನಿಮಿಷವೋ, ಎಂದು ಕೇಳಿದಳು.

“ತಳ್ಳಾಟ ಅಲ್ಲ ಮೇಡಂ. ನಾಲ್ಕು ನಿಮಿಷ ಹೊಡೆದರು,” ಎಂದಳು ಸುನಿತಾ.

ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ ಎಂದಾಗ ಅವಳು ರೆಕಾರ್ಡಿಂಗಿನ ವಿಷಯ ಹೇಳಿದಳು. ಮೊದಲ ಏಟು ಬಿದ್ದದ್ದು ಎಲ್ಲಿ, ಪೈಪು ಕಿತ್ತದ್ದು ಎಲ್ಲಿ, ಹುಡುಗ ಅಲುಗಾಡುವುದು ನಿಂತದ್ದು ಯಾವ ಕಹಳೆಗೆ, ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಹೇಳಿದಳು. ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಪೆನ್ನು ನಿಲ್ಲಿಸಿ ತಲೆಯೆತ್ತಿದ.

“ಆ ನಾಲ್ಕು ನಿಮಿಷ ನೀವು ಏನು ಮಾಡ್ತಿದ್ರಿ?” ಎಂದು ಸಬ್‌ಇನ್‌ಸ್ಪೆಕ್ಟರ್ ಕೇಳಿದಳು.

ಸುನಿತಾ ಬರೆಯುವವನ ಕಡೆ ತಿರುಗಿದಳು.

“ನಿಂತಿದ್ದೆ,” ಎಂದಳು. “ಅದನ್ನೂ ಬರೆದುಕೊಳ್ಳಿ.”

ಸಹಿ ಹಾಕಿ ಹೊರಗೆ ಬಂದಾಗ ಕೆಂಪಣ್ಣನಿಗೆ ಸುದ್ದಿ ತಲುಪಿಯಾಗಿತ್ತು. ಅವನು ಅವಳ ಕಡೆ ಕೈ ಚಾಚಿದ. ಅವಳು ಬ್ಯಾಗಿನಿಂದ ಡ್ಯಾನ್ಸ್ ಹಾಲ್‌ನ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟಳು.

ಮಂಡ್ಯದ ಆಸ್ಪತ್ರೆ ಸೇರಿದಾಗ ಐದು ಗಂಟೆಯಾಗಿತ್ತು. ಹೇಮಶ್ರೀ ಮಾತ್ರೆಯ ಮಂಪರಿನಲ್ಲಿ ಮಲಗಿದ್ದಳು. ಸುನಿತಾ ಅವಳ ಹಣೆ ಮುಟ್ಟಿ, ಗಂಡಸರ ವಾರ್ಡಿಗೆ ಬಂದಳು. ಧರ್ಮೇಂದ್ರನ ದವಡೆಗೆ ತಂತಿ ಕಟ್ಟಿದ್ದರು, ಒಂದು ಕಣ್ಣು ಊದಿ ಮುಚ್ಚಿತ್ತು. ಪಕ್ಕದಲ್ಲಿ ಸಿದ್ದಲಿಂಗಮ್ಮ ನಿಂತಿದ್ದಳು.

“ನೀವೂ ಅಲ್ಲೇ ಇದ್ರಂತಲ್ಲವ್ವ,” ಎಂದಳು ಆಕೆ.

“ಇದ್ದೆ.”

ನರ್ಸು ಒಗೆದು ಮಡಿಸಿದ ಬೆಡ್‌ಶೀಟೊಂದನ್ನು ಕೊಟ್ಟು, ರಕ್ತವಾದದ್ದನ್ನು ಬದಲಾಯಿಸಲು ಹೇಳಿ ಹೋದಳು. ಸಿದ್ದಲಿಂಗಮ್ಮ ಅದನ್ನು ಬಿಡಿಸಿ ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಮಂಚದ ಆಚೆಗೆ ಚಾಚಿದಳು.

“ಆ ಕಡೆ ಇಡ್ಕಳಿ. ಮೆತ್ತಗೆ. ಪಕ್ಕೆ ನೋಯ್ತದೆ ಅವನ್ಗೆ.”

ಸುನಿತಾ ಆ ತುದಿಯನ್ನು ಹಿಡಿದಳು.