ಕೊಯ್ದು ನೋಡದ ಮೂಟೆ

ಆಲೂಗೆಡ್ಡೆ ಮೂಟೆ ಹೊತ್ತು ಸೊಂಟ ಹಿಡಿಯದವರು ಶಾಂತಿಗ್ರಾಮದ ಸುತ್ತ ಯಾರಿದ್ದಾರೆ, ಹೇಳಿ. ಅಂಥವರ ಮುಂದೆ ಒಬ್ಬ ಬಂದು, ಭಾರವನ್ನೇ ಇಲ್ಲದಂತೆ ಮಾಡುವ ಯಂತ್ರ ಕಂಡುಹಿಡಿದಿದ್ದೇವೆ ಎಂದರೆ ಕಿವಿ ನೆಟ್ಟಗಾಗದೆ ಇರುತ್ತದೆಯೇ? ತಿಮ್ಮಪ್ಪನ ಕಿವಿಯೂ ನೆಟ್ಟಗಾಯಿತು.

ಹೇಳಿದವನು ಹೊರಗಿನವನಲ್ಲ. ಹೆಂಡತಿಯ ಅಣ್ಣನ ಮಗ, ಹೊಳೆನರಸೀಪುರದ ಹರ್ಷವರ್ಧನ್, ಆ ಯಂತ್ರದ ಕಂಪನಿಯ ಏಜೆಂಟ್. ಚನ್ನರಾಯಪಟ್ಟಣದ ಸಮುದಾಯ ಭವನದಲ್ಲಿ ಕಂಪನಿಯವರು ತೋರಿಸಿಯೂ ಬಿಟ್ಟರು. ತಟ್ಟೆಯಂಥ ಯಂತ್ರದ ಮೇಲಿಂದ ಒಂದು ಮೂಟೆ ಮೊಳದೆತ್ತರ ಎದ್ದು ಗಾಳಿಯಲ್ಲಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಠೇವಣಿ ಇಟ್ಟವರಿಗೆ ತಿಂಗಳು ತಿಂಗಳು ಲಾಭ ಎಂದರು ಕಂಪನಿಯವರು. ಮಗಳು ನಿಸರ್ಗಳ ನರ್ಸಿಂಗ್ ಓದಿಗೆಂದು ಇಟ್ಟಿದ್ದ ಎರಡು ಲಕ್ಷವನ್ನು ತಿಮ್ಮಪ್ಪ ಕಟ್ಟಿದ. ಪಕ್ಕದ ಮನೆಯ ಅತ್ತಿಗೆ ಮಾರಮ್ಮನೂ ಕಟ್ಟಿದಳು. ಎರಡು ತಿಂಗಳು ಲಾಭದ ಹಣ ಬಂತು. ಆಮೇಲೆ ಕಂಪನಿಯವರು ಫೋನೂ ಎತ್ತಲಿಲ್ಲ.

ಮೋಸ ಹೋದವರು ಊರ ತುಂಬ ಇದ್ದರು. ನಾಲ್ಕು ಜನ ನಗುತ್ತಾರೆಂದು ಎಲ್ಲರೂ ಬಾಯಿ ಹೊಲಿದುಕೊಂಡು ಕೂತರು. ಮಾರಮ್ಮ ಒಬ್ಬಳೇ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟಳು. ಮನೆ ಮಾನ ಹರಾಜು ಹಾಕಿದಳೆಂದು ತಿಮ್ಮಪ್ಪ ಮಾತು ಬಿಟ್ಟ. ಅವಳು ಅದಕ್ಕೂ ಜಗ್ಗಲಿಲ್ಲ. ಕೇಸು ಕೋರ್ಟಿಗೆ ಹೋಯಿತು, ಕಂಪನಿಯ ಖಾತೆ ಮುಟ್ಟುಗೋಲಾಯಿತು.

ಆಗ ಹರ್ಷವರ್ಧನ್ ರಾಜಿ ಪತ್ರ ಹಿಡಿದು ಬಂದ. ಕಂಪನಿಯಿಂದ ತನಗೆ ಬರಬೇಕಾದ್ದು ಏನೂ ಇಲ್ಲವೆಂದು ತಿಮ್ಮಪ್ಪ ಸಹಿ ಹಾಕಬೇಕಂತೆ. ಕೇಸಿನಿಂದಲೇ ಯಂತ್ರ ನಿಂತಿದೆಯಂತೆ. ಕೇಸು ಬಿದ್ದುಹೋದರೆ ಒಂದಕ್ಕೆರಡು ಕೊಡುತ್ತಾರಂತೆ. ನಿಸರ್ಗಳ ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು. ತಿಮ್ಮಪ್ಪ ಪೆನ್ನು ತೆಗೆದುಕೊಂಡ.

ಅಷ್ಟರಲ್ಲಿ ಮಾರಮ್ಮ ಬಂದಳು. ಪೆನ್ನು ಕಿತ್ತುಕೊಳ್ಳಲಿಲ್ಲ, ಬಯ್ಯಲೂ ಇಲ್ಲ.

“ತಿಮ್ಮಪ್ಪ, ಮಂಡಿಲಿ ಬಿತ್ನೆ ಗೆಡ್ಡೆ ಎಂಗ್ ತತ್ತೀಯ?” ಎಂದಳು.

ಮಾತು ಬಿಟ್ಟಿದ್ದನ್ನು ಮರೆತು ತಿಮ್ಮಪ್ಪ ಬಾಯಿ ತೆರೆದ. “ಇದೇನ್ ಕೇಳ್ತೀಯ ಅತ್ಗೆ. ಮೂಟೆ ತಳಕ್ಕೆ ಕೈ ಆಕಿ, ಒಂದ್ ಗೆಡ್ಡೆ ತಗ್ದು ಕುಯ್ದು ನೋಡಿ ತತ್ತೀನಿ.”

“ಮಾರೋನು ನೆಂಟ ಆದ್ರೆ?”

“ನೆಂಟ ಆದ್ರೂ ಕುಯ್ತೀನಿ. ಒಳ್ಗೆ ಕೊಳ್ತಿದ್ರೆ ಅವನೇನ್ ಬೆಳ್ದು ಕೊಡ್ತಾನಾ?”

“ಅವತ್ತು ಗಾಳೀಲಿ ನಿಂತಿತ್ತಲ್ಲ, ಆ ಮೂಟೆಗೆ ಯಾರ್ ಕೈ ಆಕ್ದೋರು? ನೀನೂ ಆಕ್ಲಿಲ್ಲ, ನಾನೂ ಆಕ್ಲಿಲ್ಲ.”

ಅದರೊಳಗೆ ಗೆಡ್ಡೆಯಿತ್ತೋ ಹೊಟ್ಟಿತ್ತೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಯಂತ್ರ ತಂದು ಜಗಲಿ ಮೇಲಿರುವ ತಿಮ್ಮಪ್ಪನ ಮೂಟೆಯನ್ನು ಎತ್ತಿ ತೋರಿಸೆಂದು ಮಾರಮ್ಮ ಹರ್ಷವರ್ಧನನಿಗೆ ಹೇಳಿದಳು. ಅದು ಸಂಶೋಧನೆಯ ಗುಟ್ಟು, ನಿಮಗೆ ವಿಜ್ಞಾನ ತಿಳಿಯುವುದಿಲ್ಲ ಎಂದ ಅವನು.

“ಇಜ್ಞಾನ ನೀನೇ ಇಟ್ಕೊ ಮಗ. ಜನರತ್ರ ಠೇವಣಿ ಎತ್ತಕ್ಕೆ ಪರ್ಮಿಸನ್ ಎಲ್ಲದೆ, ಅದನ್ ತೋರ್ಸು. ಕೋರ್ಟಲ್ಲಿ ಕೇಳ್ತಿರೋದೂ ಅದನ್ನೇ.”

ಕೋರ್ಟಿನ ಉಚಿತ ವಕೀಲರು ಅವಳಿಗೆ ಇದನ್ನು ಬಿಡಿಸಿ ಹೇಳಿದ್ದರು. ಹರ್ಷವರ್ಧನ್ ಬೈಕಿನ ಕೀ ಹುಡುಕತೊಡಗಿದ.

ತಿಮ್ಮಪ್ಪ ಪೆನ್ನಿಗೆ ಮುಚ್ಚಳ ಹಾಕಿದ. ಮರುದಿನ ಬೆಳಿಗ್ಗೆ ಠೇವಣಿ ರಸೀದಿಯನ್ನು ಕಿಸೆಗಿಟ್ಟುಕೊಂಡು, ಕೋರ್ಟಿಗೆಂದು ಮಾತು ಬಿಟ್ಟಿದ್ದ ಅತ್ತಿಗೆಯ ಜೊತೆಗೇ ಹಾಸನದ ಬಸ್ಸು ಹತ್ತಿದ. “ನಂಗೇನೋ ಬಸ್ ಫ್ರೀ. ನಿನ್ ಟಿಕೀಟ್ ನೀನೇ ತಕೊ,” ಎಂದಳು ಮಾರಮ್ಮ.

ಹಣ ಇನ್ನೂ ಬಂದಿಲ್ಲ. ಆದರೆ ಹಣ ಬರಬೇಕಾದವರ ಪಟ್ಟಿಯಲ್ಲಿ ತಿಮ್ಮಪ್ಪನ ಹೆಸರಿದೆ. ಸಹಿ ಹಾಕಿದ್ದರೆ ಇರುತ್ತಿರಲಿಲ್ಲ. ಫೀಸಿಗೆ ಸ್ತ್ರೀಶಕ್ತಿ ಸಂಘದಿಂದ ಸಾಲ ಕೊಡಿಸಿದವಳೂ ಮಾರಮ್ಮನೇ. ನಿಸರ್ಗ ಓದುತ್ತಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಬೆವರಿನ ದುಡ್ಡು ನುಂಗಿದವನು ಕಾರಿನಲ್ಲಿ ಓಡಾಡುವಾಗ ನಾವು ಯಾಕೆ ತಲೆ ತಗ್ಗಿಸಬೇಕು? ಮಾರಮ್ಮ ತಗ್ಗಿಸಲಿಲ್ಲ. ನೀವೂ ತಗ್ಗಿಸಬೇಡಿ. ಠೇವಣಿ ಕಟ್ಟುವ ಮುಂಚೆ ಪರವಾನಗಿ ಕೇಳಿ. ಮೋಸ ಹೋಗಿದ್ದರೆ ರಸೀದಿ ಸಮೇತ ದೂರು ಕೊಡಿ. ವಕೀಲರಿಗೆ ತೋರಿಸದೆ ರಾಜಿ ಪತ್ರಕ್ಕೆ ಸಹಿ ಹಾಕಬೇಡಿ. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿ. ನೆಂಟನೇ ತಂದ ಮೂಟೆಯಾದರೂ ಕೊಯ್ದು ನೋಡಿ. ಕೊಯ್ಯಲು ಬಿಡದವನಿಗೆ ಬಿಡಿಗಾಸೂ ಕೊಡಬೇಡಿ.